ಮಕ್ಕಳು ಅಜ್ಜಿ ಮನೆಗೆ, ಕೈಯಲ್ಲಿ ಒಂದೇ ಭಾನುವಾರ: ಕಾರು ಯಾವ ಕಡೆ ತಿರುಗಿಸೋದು?

ಪ್ರಶ್ನೆ: ನಾವು ಮೈಸೂರಿನವರು. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ದಸರಾ ರಜೆಗೆ ಇಬ್ಬರೂ ಅಜ್ಜಿ ಜೊತೆ ಊರಿಗೆ ಹೋಗಿದ್ದಾರೆ. ಈ ಭಾನುವಾರ ಮನೆಯಲ್ಲಿ ನಾವಿಬ್ಬರೇ. ಕಾರಿನಲ್ಲಿ ಎಲ್ಲಾದರೂ ಹೋಗಿ ರಾತ್ರಿಯೊಳಗೆ ಬರೋಣ ಅಂತ ಆಸೆ. ಹೋದ ವರ್ಷ ಹೀಗೇ ಪ್ಲಾನ್ ಇಲ್ಲದೆ ಊಟಿ ಅಂತ ಹೊರಟು, ಅರ್ಧ ದಿನ ಸಾಲಿನಲ್ಲಿ ನಿಂತು, ಜಗಳ ಆಡಿಕೊಂಡು ವಾಪಸ್ ಬಂದೆವು. ಪ್ಲಾನ್ ಮಾಡದೆ ಹೋಗುವುದೇ ತಪ್ಪಾ? ಇನ್ನೊಂದು ವಿಷಯ, ನನಗೂ ಲೈಸೆನ್ಸ್ ಇದೆ, ಆದರೆ ನಮ್ಮ ಯಜಮಾನರು ಸ್ಟೇರಿಂಗ್ ಬಿಟ್ಟುಕೊಡುವುದಿಲ್ಲ. ಮಕ್ಕಳಿಗೆ ಹೇಳದೆ ಹೋಗೋದು ಸರಿಯಾ ಅನ್ನೋ ಅಳುಕೂ ಇದೆ.

ಉತ್ತರ: ಪ್ಲಾನ್ ಮಾಡದೆ ಹೋಗಿದ್ದು ತಪ್ಪಲ್ಲ ತಾಯಿ. ಪ್ಲಾನ್ ಮಾಡದೆ ಊಟಿ ರಸ್ತೆಗೆ ಹೋಗಿದ್ದು ತಪ್ಪು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಟ್ಯಾಕ್ಸಿ ಓಡಿಸಿ, ಆಮೇಲೆ ಸಣ್ಣದೊಂದು ಟ್ರಾವೆಲ್ಸ್ ನಡೆಸಿದವನು ನಾನು. ನನ್ನ ಲೆಕ್ಕದಲ್ಲಿ ರಸ್ತೆಗಳಲ್ಲಿ ಎರಡು ಜಾತಿ. ಒಂದು, ಮೊದಲೇ ಹೇಳಿಕಳಿಸಿ ಬರಬೇಕಾದ ನೆಂಟರ ಮನೆ ಥರದ್ದು. ಇನ್ನೊಂದು, ಯಾವ ಹೊತ್ತಿಗೆ ಹೋದರೂ ಬಾ ಅನ್ನೋ ತವರುಮನೆ ಥರದ್ದು.

ಬಂಡೀಪುರದ ದಾರಿ ಮೊದಲನೇ ಜಾತಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬಂದ್. 2009ರಿಂದಲೂ ಹಾಗೇ. ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ, ಇಳಿದರೆ ದಂಡ. ಅದರಾಚೆ ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ನಿಮ್ಮ ಕಾರು ಹತ್ತುವಂತಿಲ್ಲ. ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿಗೆ ಕಾಯಬೇಕು, ಭಾನುವಾರ ಆ ಸಾಲು ನೋಡಿದರೆ ದೇವರೇ ಬೆಟ್ಟ ಇಳಿದು ಬಂದುಬಿಡಲಿ ಅನ್ನಿಸುತ್ತದೆ. ಇವೆಲ್ಲ ಚೆಂದದ ಜಾಗಗಳೇ. ನಿಯಮಗಳೂ ಸರಿಯಾಗೇ ಇವೆ, ಆನೆ ದಾಟಬೇಕಲ್ಲ. ಆದರೆ ಸುಮ್ನೆ ಹೊರಟವರಿಗೆ ಆಗಿಬರುವ ರಸ್ತೆಯಲ್ಲ ಅದು. ಟೀ ಬೇಕು ಅನ್ನಿಸಿದರೆ ನಿಲ್ಲೋಕಾಗಲ್ಲ, ಮನಸ್ಸು ಬದಲಾದರೆ ಪಕ್ಕಕ್ಕೆ ತಿರುಗೋಕಾಗಲ್ಲ. ಹಾಗಾದಾಗ ಗಂಡ ಹೆಂಡತಿ ಬೇರೇನು ಮಾಡುತ್ತಾರೆ, ಜಗಳ ಆಡುತ್ತಾರೆ. ನಿಮ್ಮದು ವಿಶೇಷ ಕೇಸೇನಲ್ಲ.

ಎರಡನೇ ಜಾತಿ ರಸ್ತೆ ನಿಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲೇ ಶುರುವಾಗುತ್ತದೆ. ಬನ್ನೂರು ರಸ್ತೆ. ಅಲ್ಲಿಂದ ಕಾವೇರಿ ಹಿಡಿದುಕೊಂಡು ಕೆಳಕ್ಕೆ. ದಸರಾ ಸಮಯದಲ್ಲಿ ಲೋಕವೆಲ್ಲ ಬೆಂಗಳೂರು ಹೆದ್ದಾರಿಯಲ್ಲಿ ಮೈಸೂರಿಗೆ ನುಗ್ಗುತ್ತಿರುತ್ತದೆ. ನೀವು ಹಿತ್ತಲ ಬಾಗಿಲಿನಿಂದ ಆಚೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಬನ್ನೂರು, ಸೋಮನಾಥಪುರ, ತಿ. ನರಸೀಪುರ, ಮುಡುಕುತೊರೆ, ತಲಕಾಡು, ತಾಕತ್ತಿದ್ದರೆ ಶಿವನಸಮುದ್ರ. ಎಲ್ಲ ಸುತ್ತಿ ಬಂದರೂ 150ರಿಂದ 170 ಕಿಲೋಮೀಟರ್ ಆಸುಪಾಸು. ಎಲ್ಲ ನೋಡಲೇಬೇಕು ಅಂತಿಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿಂದ ಬೇಕಾದರೂ ತಿರುಗಿಸಬಹುದು. ಈ ದಾರಿಯ ಗುಣವೇ ಅದು. ಹೆಜ್ಜೆಗೊಂದು ಊರು, ಊರಿಗೊಂದು ಟೀ ಅಂಗಡಿ.

ಹೋಗುವ ಜಾಗ ಗೊತ್ತುಮಾಡಬೇಡಿ. ವಾಪಸ್ ತಿರುಗುವ ಹೊತ್ತನ್ನು ಮಾತ್ರ ಗೊತ್ತುಮಾಡಿ. ನಾನು ಹೇಳೋದು ಸಂಜೆ 4 ಗಂಟೆ. ನಾಲ್ಕಕ್ಕೆ ಎಲ್ಲಿದ್ದರೂ ಸರಿ, ಕಾರಿನ ಮೂತಿ ಮೈಸೂರಿನ ಕಡೆಗೆ. ಈ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ.

ಯಾಕೆ ಅಂತ ನಮ್ಮದೇ ಕಥೆ ಹೇಳುತ್ತೇನೆ. ನಮಗೂ ಮಕ್ಕಳು ಸಣ್ಣವರಿದ್ದ ಕಾಲ. ಇಬ್ಬರನ್ನೂ ಅತ್ತೆ ಮನೆಯಲ್ಲಿ ಬಿಟ್ಟು, ಬನ್ನೂರಿನಲ್ಲಿ ಯಾರಿಗೋ ಮದುವೆ ಕಾಗದ ಕೊಡೋಕೆ ಹೋಗಿದ್ದೆವು. ಹೋದರೆ ಮನೆಗೆ ಬೀಗ. ಪಕ್ಕದ ಮನೆಯಲ್ಲಿ ಕಾಗದ ಕೊಟ್ಟು ಕಾರು ಹತ್ತಿದಾಗ ನನ್ನ ಹೆಂಡತಿ, "ರೀ, ಹೆಂಗೂ ಬಂದಿದೀವಿ, ಇನ್ನೊಂಚೂರು ಮುಂದಕ್ಕೆ ಹೋಗೋಣ" ಅಂದಳು. ಆ ಇನ್ನೊಂಚೂರು ಮುಡುಕುತೊರೆ ತನಕ ಹೋಯಿತು. ಬೆಟ್ಟದ ಮೇಲೆ ಕಡ್ಲೇಕಾಯಿ ತಿಂದುಕೊಂಡು ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಕತ್ತಲೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರೂ ಇಲ್ಲ, ಕಬ್ಬಿನ ಜಲ್ಲೆ ಟ್ರೈಲರಿನಿಂದ ಒಂದು ಮಾರು ಆಚೆ ಚಾಚಿಕೊಂಡಿತ್ತು. ಎದುರಿನಿಂದ ಬಂದ ಲಾರಿ ಲೈಟು ಕಣ್ಣಿಗೆ ಹೊಡೆದು ಒಂದು ಕ್ಷಣ ನನಗೆ ಏನೂ ಕಾಣಲಿಲ್ಲ. ಬ್ರೇಕ್ ಒತ್ತಿ ನಿಂತಾಗ ಬಾನೆಟ್ಟಿಗೂ ಕಬ್ಬಿಗೂ ನಡುವೆ ನಾಲ್ಕು ಬೆರಳು ಜಾಗ ಇತ್ತು. ಇಪ್ಪತ್ತೆರಡು ವರ್ಷ ಓಡಿಸಿದವನ ಕೈಕಾಲು ನಡುಗಿದ ದಿನ ಅದು. ಅಕ್ಟೋಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಷ್ಟು ಹೊತ್ತಿಗೆ ನೀವು ಊರು ಸೇರಿರಬೇಕು, ಕಡೇಪಕ್ಷ ಬೀದಿದೀಪ ಕಾಣುವಷ್ಟು ಹತ್ತಿರ ಬಂದಿರಬೇಕು.

ಹೊರಡುವ ಮುಂಚೆ ಮಾಡುವ ಕೆಲಸ ಹೆಚ್ಚೇನಿಲ್ಲ. ಟೈರಿಗೆ ಗಾಳಿ, ಟ್ಯಾಂಕಿಗೆ ಪೆಟ್ರೋಲ್, ಒಂದು ಚಾಪೆ, ಒಂದು ಕೊಡೆ, ಚಿಲ್ಲರೆ ದುಡ್ಡು. ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಬರುತ್ತದೆ, ಕೊಡೆ ಮರೆಯಬೇಡಿ. ಬುತ್ತಿ ಕಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಬುತ್ತಿ ಅಂದ ಕೂಡಲೇ ಬೆಳಿಗ್ಗೆ ಐದಕ್ಕೆ ಎದ್ದು ಒಗ್ಗರಣೆ ಹಾಕುವವರು ಯಾರು ಅಂತ ನಮಗೆಲ್ಲ ಗೊತ್ತು. ಆ ದಿನ ನಿಮಗೂ ರಜೆ.

ಇನ್ನೊಂದು ಕೆಲಸ ಇದೆ, ಇದನ್ನು ಮೈಸೂರು ಮಂಡ್ಯದವರು ಮಾತ್ರ ಮಾಡಬಲ್ಲರು. ಬೆಳಗಿನ ಪೇಪರಿನಲ್ಲಿ ಕೆ.ಆರ್.ಎಸ್. ನೀರಿನ ಮಟ್ಟದ ಪುಟ್ಟ ಚೌಕ ಬರುತ್ತದಲ್ಲ, ಗರಿಷ್ಠ 124.80 ಅಡಿ ಅಂತ. ನಾವೆಲ್ಲ ಮಟ್ಟ ಮಾತ್ರ ನೋಡಿ, ಪರವಾಗಿಲ್ಲ ಈ ಸಲ ತುಂಬಿದೆ ಅಂದುಕೊಂಡು ಪುಟ ತಿರುಗಿಸುತ್ತೇವೆ. ನೀವು ಅವತ್ತು ಅದರ ಕೆಳಗಿನ ಹೊರಹರಿವು ನೋಡಿ. ಪಕ್ಕದಲ್ಲಿ ಕಬಿನಿ ಹೊರಹರಿವೂ ಇದ್ದರೆ ಅದನ್ನೂ ನೋಡಿ. ಕಾವೇರಿ, ಕಬಿನಿ ಎರಡೂ ಸೇರುವುದು ತಿರುಮಕೂಡಲಿನಲ್ಲಿ, ಅಂದರೆ ತಿ. ನರಸೀಪುರದಲ್ಲಿ. ತಲಕಾಡು, ಶಿವನಸಮುದ್ರ ಅದರಿಂದ ಕೆಳಗೆ. ಅಂದರೆ ಎರಡು ಅಣೆಕಟ್ಟಿನಲ್ಲಿ ಬಿಟ್ಟ ನೀರೂ ಒಟ್ಟಿಗೆ ಅಲ್ಲಿಗೆ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲು ಹೊಡೆಯುತ್ತಿದ್ದರೂ ವಯನಾಡಿನಲ್ಲೋ ಕೊಡಗಿನಲ್ಲೋ ಬಿದ್ದ ಮಳೆ ತಲಕಾಡಿನಲ್ಲಿ ಕಾಲು ಹಿಡಿದು ಎಳೆಯಬಹುದು. ಹೊರಹರಿವು ಹತ್ತಾರು ಸಾವಿರ ಕ್ಯೂಸೆಕ್ ಇದ್ದರೆ ಜಲಪಾತ ನೋಡೋಕೆ ಒಳ್ಳೇ ದಿನ, ಹೊಳೆಗೆ ಇಳಿಯೋಕೆ ಕೆಟ್ಟ ದಿನ. ಹೊರಹರಿವು ತೀರಾ ಕಮ್ಮಿ ಇದ್ದರೆ ಶಿವನಸಮುದ್ರದ ಗಗನಚುಕ್ಕಿ ಜಲಪಾತಕ್ಕೆ ಹೋಗುವ ಶ್ರಮ ಬೇಡ. ಇರುವ ನೀರಿನಲ್ಲೇ ವಿದ್ಯುತ್ ಕೇಂದ್ರದ ಪಾಲೂ ಹೋಗುತ್ತದೆ, ಬಂಡೆ ಮಾತ್ರ ಕಾಣುತ್ತದೆ.

ಕಾರು ಹತ್ತುವ ಮುಂಚೆ ಒಂದು ಸಣ್ಣ ಕೆಲಸ. ಎಡಗಡೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಮಕ್ಕಳಿರುವ ಕಾರಿನಲ್ಲಿ ಆ ಸೀಟು ವರ್ಷಗಟ್ಟಲೆ ಮುಂದಕ್ಕೇ ಇರುತ್ತದೆ, ಹಿಂದೆ ಕಾಲಾಡಿಸೋಕೆ ಜಾಗ ಇರಲಿ ಅಂತ. ಎಷ್ಟೋ ಮನೆಯಲ್ಲಿ ತಾಯಿ ಮುಂದೆ ಕೂರುವುದೇ ಇಲ್ಲ, ಮಕ್ಕಳ ನಡುವೆ ಹಿಂದೆ. ಕನ್ನಡಿಯಲ್ಲಿ ನಾನು ನೋಡಿದ ಸಂಸಾರಗಳೆಲ್ಲ ಹಾಗೇ. ಮುಂದೆ ಅಪ್ಪ ನನ್ನ ಪಕ್ಕ ಕೂತು ಮೈಲೇಜು ವಿಚಾರಿಸೋದು, ಹಿಂದೆ ಅಮ್ಮ ಬಾಳೆಹಣ್ಣು ಸುಲಿಯೋದು. ಸೀಟು ಹಿಂದಕ್ಕೆ ತಳ್ಳಿದರೆ ಅದರ ಹಳಿಯಲ್ಲಿ ಬಿಸ್ಕತ್ತು ಪುಡಿ, ಕ್ರಯಾನ್ ತುಂಡು, ಯಾವುದೋ ಬರ್ತ್‌ಡೇ ಬಲೂನು ಎಲ್ಲ ಸಿಗುತ್ತದೆ. ಅವತ್ತು ಗುಡಿಸೋಕೆ ಹೋಗಬೇಡಿ.

ಇನ್ನು ದಾರಿ. ಏಳೂವರೆಗೆ ಹೊರಡಿ. ಬನ್ನೂರಿನವರೆಗೆ ಇಬ್ಬರೂ ಸುಮ್ಮನೆ ಗದ್ದೆ ನೋಡಿಕೊಂಡು ಹೋಗಿ. ಅಕ್ಟೋಬರಿನಲ್ಲಿ ಭತ್ತ ನಿಂತಿರುತ್ತದೆ, ನಾಲೆ ತುಂಬಿರುತ್ತದೆ. ಬನ್ನೂರಿನಲ್ಲಿ ಟೀ ಕುಡಿದು ಅಲ್ಲಿ ನಿರ್ಧಾರ ಮಾಡಿ. ನೇರ ಮಳವಳ್ಳಿ ಕಡೆಗೋ, ಸೋಮನಾಥಪುರದ ಕಡೆಗೋ. ಒಂದು ತಿರುವು ನಿಮ್ಮದು, ಮುಂದಿನ ತಿರುವು ಅವರದು ಅಂತ ಮಾಡಿಕೊಳ್ಳಿ, ಮಜಾ ಇರುತ್ತದೆ. ಒಂದೇ ಎಚ್ಚರಿಕೆ, ಮೊಬೈಲ್ ಮ್ಯಾಪು ಹತ್ತಿರದ ದಾರಿ ಅಂತ ನಾಲೆ ಏರಿ ಮೇಲೆ ಕರೆದುಕೊಂಡು ಹೋಗುತ್ತದೆ. ಹೋಗಬೇಡಿ. ತಡೆಗೋಡೆ ಇರಲ್ಲ, ಎದುರು ಗಾಡಿ ಬಂದರೆ ಸರಿಯೋಕೆ ಜಾಗ ಇರಲ್ಲ. ಮಂಡ್ಯ ಕಡೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಕಾರು ಬಿದ್ದ ಸುದ್ದಿ ನೀವೂ ಓದಿರುತ್ತೀರಿ.

ಸೋಮನಾಥಪುರಕ್ಕೆ ಹೋದರೆ ನನ್ನ ಮಾತು ಕೇಳಿ, ಗೋಡೆ ಬಿಟ್ಟು ಮಾಳಿಗೆ ನೋಡಿ. 1258ರ ಸುಮಾರಿಗೆ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಅದು. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿದೆ. ಬಂದವರೆಲ್ಲ ಹೊರಗೋಡೆಯ ಆನೆ ಸಾಲಿನ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನೀವು ಒಳಗೆ ನವರಂಗದಲ್ಲಿ ನಿಂತು ಕಣ್ಣು ಕತ್ತಲೆಗೆ ಹೊಂದುವ ತನಕ ಎರಡು ನಿಮಿಷ ಕಾಯಿರಿ. ಆಮೇಲೆ ತಲೆ ಎತ್ತಿ. ಮೇಲಿಂದ ಕಲ್ಲಿನ ಬಾಳೆಮೂತಿ ಇಳಿಬಿದ್ದಿರುತ್ತದೆ. ಒಂದು ಅಂಕಣದಲ್ಲಿ ಎಸಳು ಮುಚ್ಚಿಕೊಂಡ ಹಾಗೆ, ಇನ್ನೊಂದರಲ್ಲಿ ಬಿಚ್ಚಿಕೊಳ್ಳುತ್ತಿರುವ ಹಾಗೆ. ಒಂದರಂತೆ ಇನ್ನೊಂದಿಲ್ಲ. ಆ ಕೆತ್ತಿದವನು ಹಿತ್ತಲಿನಲ್ಲಿ ಬಾಳೆಗಿಡದ ಕೆಳಗೆ ಎಷ್ಟು ದಿನ ನಿಂತಿದ್ದನೋ ಅನ್ನಿಸುತ್ತದೆ. ಮಕ್ಕಳಿದ್ದರೆ ಆ ಎರಡು ನಿಮಿಷ ಸಿಗುವುದೇ ಇಲ್ಲ, "ಅಮ್ಮಾ ಬಾವಲಿ" ಅಂತ ಓಡುತ್ತಾರೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆಯೇ ಹೋಗಿ.

ತಿ. ನರಸೀಪುರದಲ್ಲಿ ಸಂಗಮ, ಗುಂಜಾ ನರಸಿಂಹಸ್ವಾಮಿ ಗುಡಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅಲ್ಲಿನವರ ಮಾತು. ದೇವರಲ್ಲಿ ನಂಬಿಕೆ ಇದ್ದರೆ ಇಳಿಯಿರಿ, ಇಲ್ಲದಿದ್ದರೆ ಸೇತುವೆ ದಾಟುವಾಗ ನಿಧಾನ ಮಾಡಿ.

ನಿಜವಾಗಿ ಕಾರು ನಿಲ್ಲಿಸಬೇಕಾದ್ದು ಮುಡುಕುತೊರೆಯಲ್ಲಿ. ತಲಕಾಡಿಗೆ ಹೋಗುವವರು ಇದನ್ನು ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ. ಸಣ್ಣ ಬೆಟ್ಟ, ಮೇಲೆ ಮಲ್ಲಿಕಾರ್ಜುನ. ಮುಡುಕು ಅಂದರೆ ಬಾಗು, ಹೊಳೆ ಇಲ್ಲಿ ಬಾಗುತ್ತದೆ ಅಂತಲೇ ಆ ಹೆಸರು. ಮೇಲಿನಿಂದ ನೋಡಿದರೆ ಹೆಸರು ಇಟ್ಟವರು ಇಲ್ಲೇ ನಿಂತು ಇಟ್ಟಿರಬೇಕು ಅನ್ನಿಸುತ್ತದೆ. ಕಾವೇರಿ ಆ ಕಡೆಯಿಂದ ಬಂದು, ಬೆಟ್ಟ ನೋಡಿ, ಮೈ ತಿರುಗಿಸಿಕೊಂಡು ಹೋಗುತ್ತಾಳೆ. ಎರಡೂ ಕಡೆ ಗದ್ದೆ, ನಡುನಡುವೆ ತೆಂಗು. ಜಾತ್ರೆ ಸಮಯ ಬಿಟ್ಟರೆ ಗದ್ದಲ ಕಮ್ಮಿ. ಚಾಪೆ ಇದ್ದರೆ ಮರದ ನೆರಳಿನಲ್ಲಿ ಹಾಸಿ.

ನಾನು ಹೇಳಿದ ಆ ದಿನ ಇಲ್ಲೇ ಕೂತಿದ್ದು ನಾವು. ಕೆಳಗೆ ಹುಡುಗರು ಈಜುತ್ತಿದ್ದರು. "ಆ ನೀಲಿ ಚಡ್ಡಿ ಹುಡುಗ ತಪ್ಪು ಮಾಡ್ತಾ ಇದಾನೆ, ಹರಿವಿಗೆ ಎದುರು ಹೊಡೀಬಾರದು, ಅಡ್ಡ ಹೊಡೀಬೇಕು" ಅಂದಳು ನನ್ನ ಹೆಂಡತಿ. ನಿನಗೆ ಹೇಗೆ ಗೊತ್ತು ಅಂದೆ. "ನಾನೇನು ಹೊಳೆ ಕಾಣದವಳಾ? ಮದುವೆಗೆ ಮುಂಚೆ ದಿನಾ ಈಜ್ತಿದ್ದೆ" ಅಂದಳು. ಹನ್ನೊಂದು ವರ್ಷ ಸಂಸಾರ ಮಾಡಿ, ಅವಳಿಗೆ ಈಜು ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಿದ್ರಾ?" ಅಂದಳು.

ತಲಕಾಡಿನ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಿರಿ, ಆದರೆ ಮಧ್ಯಾಹ್ನ ಹನ್ನೆರಡಕ್ಕಲ್ಲ. ನೆರಳಿಲ್ಲದ ಕಡೆ ಮರಳು ಬಾಣಲೆ ಆಗಿರುತ್ತದೆ. ಅಲಮೇಲಮ್ಮನ ಶಾಪ ನಿಮಗೆ ಗೊತ್ತಲ್ಲ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ ಅಂತ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ಗಂಡ ಹೆಂಡತಿ ಆ ಮಾತು ನೆನೆಸಿಕೊಂಡು ನಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊಳೆದಂಡೆಯಲ್ಲಿ ಮೀನು ಕರಿದು ಕೊಡುತ್ತಾರೆ, ತಿನ್ನುವವರಾದರೆ ಬಿಡಬೇಡಿ. ಎಣ್ಣೆಯ ಬಣ್ಣ ನೋಡಿ ಅಂಗಡಿ ಆರಿಸಿ. ತೆಪ್ಪದಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ಕೊಟ್ಟವನ ತೆಪ್ಪಕ್ಕೇ ಹತ್ತಿ. ನೀರಿಗೆ ಮಾತ್ರ ಇಳಿಯಬೇಡಿ. ಮೊಣಕಾಲುದ್ದ ಕಾಣುವ ಕಡೆ ಮರಳಿನ ಕೆಳಗೆ ಗುಂಡಿ ಇರುತ್ತದೆ, ಸುಳಿ ಇರುತ್ತದೆ. ಈಜು ಬಂದವರೇ ಅಲ್ಲಿ ಹೋಗಿದ್ದಾರೆ.

ಶಿವನಸಮುದ್ರ ಆಗ ಸಮಯ ನೋಡಿಕೊಂಡು. ಎರಡು ಗಂಟೆಯೊಳಗೆ ತಲಕಾಡು ಬಿಟ್ಟಿದ್ದರೆ ಭರಚುಕ್ಕಿ ನೋಡಬಹುದು, ಗಗನಚುಕ್ಕಿ ಭರಚುಕ್ಕಿ ಎರಡೂ ಅಂತ ಆಸೆ ಪಡಬೇಡಿ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ಕರೆಂಟು ಕಳಿಸಿದ್ದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ತಡವಾಗಿದ್ದರೆ ಜಲಪಾತ ಬಿಟ್ಟುಬಿಡಿ. ಅದು ಎಲ್ಲಿಗೂ ಹೋಗಲ್ಲ, ಮಕ್ಕಳ ಜೊತೆ ಇನ್ನೊಂದು ಸಲ ಹೋಗೋಕೆ ಅದೇ ಸರಿಯಾದ ಜಾಗ.

ಅದರ ಬದಲು ವಾಪಸ್ ಬರುವ ದಾರಿಯಲ್ಲಿ ಹೊಗೆ ಎಲ್ಲಿ ಏಳುತ್ತಿದೆ ನೋಡುತ್ತಾ ಬನ್ನಿ. ಕಬ್ಬಿನ ಸೀಮೆಯಲ್ಲಿ ಆಲೆಮನೆ ಇದ್ದರೆ ಕಣ್ಣಿಗಿಂತ ಮುಂಚೆ ಮೂಗಿಗೆ ಗೊತ್ತಾಗುತ್ತದೆ. ಗಾಡಿ ಪಕ್ಕಕ್ಕೆ ಹಾಕಿ, "ಅಣ್ಣ, ನೋಡಬಹುದಾ?" ಅಂತ ಕೇಳಿದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಕೊಳೆ ಮೇಲೆ ಬರಲಿ ಅಂತ ಬೆಂಡೆಗಿಡದ ಲೋಳೆ ಹಾಕಿ ಜಾಲರಿಯಲ್ಲಿ ಎತ್ತಿ ಎಸೆಯುತ್ತಾರೆ. ಗುಳ್ಳೆ ಮೊದಲು ದೊಡ್ಡದಾಗಿ ಒಡೆಯುತ್ತದೆ, ಪಾಕ ಬರುತ್ತಾ ಬರುತ್ತಾ ಸಣ್ಣದಾಗಿ, ಸದ್ದು ದಪ್ಪವಾಗುತ್ತದೆ. ಕೆಲಸದವನು ಚೂರು ಪಾಕ ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಮಾಡಿ ನೋಡುತ್ತಾನೆ, ಉಂಡೆ ನಿಂತರೆ ಆಯಿತು. ಬಿಸಿ ಬೆಲ್ಲ ಕಬ್ಬಿನ ಸಿಪ್ಪೆಗೆ ಮೆತ್ತಿ ಕೊಟ್ಟರೆ ಊದಿ ತಿನ್ನಿ, ಅವಸರ ಮಾಡಿದರೆ ನಾಲಿಗೆ ಸುಡುತ್ತದೆ. ಕೊಳ್ಳುವುದಾದರೆ ಬೆಳ್ಳಗೆ ಹೊಳೆಯುವ ಬೆಲ್ಲ ಬೇಡ, ಕೆಮಿಕಲ್ ಹಾಕಿರುತ್ತಾರೆ. ಕಂದು ಬಣ್ಣದ್ದು ತಗೊಳ್ಳಿ.

ಇದೇ ದಾರಿಗೆ ಡಿಸೆಂಬರ್, ಜನವರಿಯಲ್ಲಿ ಹೋಗುವ ಬೇರೆ ಓದುಗರಿಗೊಂದು ಮಾತು. ಆಗ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಸಿರುತ್ತಾರೆ. ಹುರುಳಿ ಸೊಪ್ಪಿನ ಮೇಲೆ ಕಾರು ಹತ್ತಿಸಬೇಡಿ. ಬಳ್ಳಿ ಕೆಳಗಡೆ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹತ್ತಿಕೊಂಡು ಕಾರೇ ಉರಿದುಹೋಗಿದ್ದು ಉಂಟು. ಹತ್ತಿಸಲೇಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಎಳೆದು ಹಾಕಿ.

ಈಗ ಸ್ಟೇರಿಂಗ್ ವಿಷಯ. ಈ ಸಾಲುಗಳನ್ನು ಯಜಮಾನರಿಗೆ ಓದಿ ಹೇಳಿ. ಸ್ವಾಮಿ, ಮನೆಯವರಿಗೆ ಗಾಡಿ ಕೊಡೋಕೆ ಇದಕ್ಕಿಂತ ಒಳ್ಳೇ ದಿನ ಸಿಗಲ್ಲ. ಹಿಂದೆ ಮಕ್ಕಳ ಗಲಾಟೆ ಇಲ್ಲ, ಘಾಟಿ ಇಲ್ಲ. ಮೈಸೂರಿನ ಟ್ರಾಫಿಕ್ ದಾಟಿಸುವುದು ನೀವು, ಆಮೇಲೆ ಬನ್ನೂರು ತನಕ ಅವರು. ಬೆಳಿಗ್ಗೆ ಹೊತ್ತು ರಸ್ತೆ ಖಾಲಿ ಇರುತ್ತದೆ. ನೀವು ಎಡಗಡೆ ಕೂತು ಇಲ್ಲದ ಬ್ರೇಕನ್ನು ಒತ್ತಬಾರದು. ಡ್ರೈವಿಂಗ್ ಕಲಿಸಿದ ಅನುಭವದಲ್ಲಿ ಹೇಳುತ್ತೇನೆ, ಪಕ್ಕದವನ ಬಲಗಾಲು ನೆಲಕ್ಕೆ ಒತ್ತಿದಾಗಲೆಲ್ಲ ಓಡಿಸುವವರ ಕೈ ಬಿಗಿಯಾಗುತ್ತದೆ. ಕಾಲು ಮಡಚಿ ಕೂತುಕೊಳ್ಳಿ, ಸೀಟು ಹೇಗೂ ಹಿಂದಕ್ಕೆ ಹೋಗಿದೆ. ಗೇರ್ ಬದಲಾಯಿಸು ಅಂತ ಹೇಳಬೇಡಿ, ಇಂಜಿನ್ನೇ ಹೇಳುತ್ತದೆ.

ಫೋನಿನದ್ದು ಹೀಗೆ ಮಾಡಿ. ಅಜ್ಜಿಗೆ ಹಿಂದಿನ ದಿನವೇ, ನಾಳೆ ಊಟ ಆದ ಮೇಲೆ ಒಂದೂವರೆಗೆ ಮಾಡುತ್ತೇವೆ ಅಂತ ಹೇಳಿ. ಒಬ್ಬರ ಫೋನು ಆನ್ ಇರಲಿ, ಇನ್ನೊಬ್ಬರದ್ದು ಡ್ಯಾಶ್‌ಬೋರ್ಡಿನ ಒಳಗೆ. ಗಂಟೆಗೊಂದು ಸಲ "ಊಟ ಮಾಡಿದ್ರಾ, ಜಗಳ ಆಡ್ತಿದ್ದಾರಾ" ಅಂತ ಕೇಳುತ್ತಿದ್ದರೆ ಮಕ್ಕಳನ್ನು ಕರೆದುಕೊಂಡೇ ಹೋಗಬಹುದಿತ್ತು. ಮಾತು ಸುತ್ತಿ ಸುತ್ತಿ ಮಕ್ಕಳ ಮೇಲೇ ಬರುತ್ತದೆ, ಅದಕ್ಕೇನೂ ಮಾಡೋಕಾಗಲ್ಲ, ಬರಲಿ. ಮನೆ ಸಾಲ, ಅತ್ತೆ ಮಂಡಿನೋವು, ಟ್ಯೂಷನ್ ಫೀಸು, ಈ ಮೂರನ್ನು ಮಾತ್ರ ಸೋಮವಾರಕ್ಕೆ ಇಟ್ಟುಕೊಳ್ಳಿ.

ಮಕ್ಕಳಿಗೆ ಹೇಳದೆ ಹೋಗೋದು ಸರಿಯಾ ಅಂದಿರಿ. ಒಂದೂವರೆಗೆ ಫೋನ್ ಮಾಡಿದಾಗ ಇದ್ದ ಜಾಗದ ಹೆಸರು ಹೇಳಿಬಿಡಿ. ಮುಚ್ಚಿಟ್ಟರೂ ಪ್ರಯೋಜನ ಇಲ್ಲ. ಹೊಳೆ ಮರಳು ಚಪ್ಪಲಿಯಿಂದ ಕಾರಿನ ಮ್ಯಾಟಿಗೆ, ಮ್ಯಾಟಿನಿಂದ ಸೀಟಿನ ಸಂದಿಗೆ ಸೇರಿಕೊಂಡರೆ ಎಷ್ಟು ಕೊಡವಿದರೂ ವಾರ ಹದಿನೈದು ದಿನ ಹೋಗಲ್ಲ. ನಮ್ಮನೆಯಲ್ಲಿ ನಾಲ್ಕನೇ ದಿನ ಸಿಕ್ಕಿಬಿದ್ದಿದ್ದೆವು. ಸಣ್ಣವನು ಹಿಂದಿನ ಸೀಟಿನಲ್ಲಿ ಕೂತು, ಅಂಗೈಯಲ್ಲಿ ಒಂದು ಚಿಟಿಕೆ ಮರಳು ಹಿಡಿದುಕೊಂಡು, "ಇದು ಎಲ್ಲಿದು?" ಅಂತ ಅಮ್ಮನ್ನ ಬಿಟ್ಟು ನನ್ನನ್ನೇ ಕೇಳಿದ.